ಎರಕದ ಬೆಳ್ಳಿಯ ಒಪ್ಪ

ಗೋವೆಯ ಫೋಂಡಾ ತಾಲ್ಲೂಕಿನ ಕುಂಡಯಿ ಗ್ರಾಮವು ಇಂದು ಕೈಗಾರಿಕಾ ವಸಾಹತಿನಿಂದ ಹೆಸರಾಗಿದೆ. ಚರಿತ್ರೆಯನ್ನು ಓದುವವರಿಗಾದರೋ ಅದು ನವದುರ್ಗೆಯ ಊರು. ತಿಸವಾಡಿಯ ಗಾವಶಿಯಲ್ಲಿದ್ದ ಈ ದೇವಿಯನ್ನು ಪೋರ್ಚುಗೀಸರು ದೇವಾಲಯಗಳನ್ನು ಕೆಡವಿದ 16ನೆಯ ಶತಮಾನದಲ್ಲಿ ಇಲ್ಲಿಗೆ ತಂದರು. ಮುಂದೆ ನಮ್ಮ ಸೋದೆಯ ಅರಸರ ಕೈಯಲ್ಲಿದ್ದ ಫೋಂಡಾ ಸೀಮೆ 1763ರಲ್ಲಿ ಪೋರ್ಚುಗೀಸರ ವಶವಾಯಿತು. ಗೋವೆಯ ದೈವಜ್ಞ ಅಕ್ಕಸಾಲಿಗರ ಅನೇಕ ಮನೆತನಗಳು ಕಾರವಾರ, ಕುಮಟಾ, ಹೊನ್ನಾವರಗಳಿಗೆ ಬಂದು ನೆಲಸಿದವು. ದೇವರೂ ಕಸುಬೂ ಹೀಗೆ ಗಡಿ ದಾಟಿದ ಸೀಮೆಯಿದು. ಆ ಕಸುಬಿನ ಒಂದಂಶವಾದ, ಎರಕದ ಬೆಳ್ಳಿಗೆ ಒಪ್ಪವಿಡುವ ಕೆಲಸವನ್ನು ಕುರಿತು ನಾವು ಇಲ್ಲಿ ವಿಚಾರಿಸುತ್ತೇವೆ.

ಎರಕದ ವಿಧಾನಕ್ಕೆ ಕನ್ನಡ ನಾಡಿನಲ್ಲೇ ಹಳೆಯ ಆಧಾರವುಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ರಚಿಸಿದ ಸಂಸ್ಕೃತದ 'ಮಾನಸೋಲ್ಲಾಸ'ವು ಮೇಣದ ಅಚ್ಚಿನಿಂದ ವಿಗ್ರಹ ಎರೆಯುವ ಕ್ರಮವನ್ನು ಹೇಳುತ್ತದೆ. ಈತನ ಸೋದರಿ ಮೈಲಲದೇವಿಯು ಗೋವೆಯ ಕದಂಬ ಇಮ್ಮಡಿ ಜಯಕೇಶಿಯ ರಾಣಿ ಎಂಬುದನ್ನೂ ಸ್ಮರಿಸಬಹುದು. ಮೇಣದ ತೂಕದ 12 ಪಾಲು ಬೆಳ್ಳಿ ಬೇಕೆಂದು ಆ ಗ್ರಂಥದ ಲೆಕ್ಕ. ಮೇಣವು ನೀರಿಗಿಂತ ತುಸು ಹಗುರ, ಬೆಳ್ಳಿ ನೀರಿನ ಹತ್ತೂವರೆ ಪಟ್ಟು ಭಾರ. ಆದ್ದರಿಂದ ಅಚ್ಚು ತುಂಬಲು ಸುಮಾರು 11 ಪಾಲು ಸಾಕು. ಉಳಿದ ಪಾಲು ನಾಳದಲ್ಲಿ ನಿಲ್ಲುವ, ಅರದ ಬಾಯಿಗೆ ಹೋಗುವ ಬೆಳ್ಳಿಗೆಂದು ನಮ್ಮ ಊಹೆ.

ಎರಕದಿಂದ ಹೊರಬಂದ ಕಡಗವು ಒಡವೆಯಂತೆ ಕಾಣುವುದಿಲ್ಲ. ಕರಗಿದ ಬೆಳ್ಳಿ ತನ್ನ ಗಾತ್ರದ ಸುಮಾರು 20 ಪಟ್ಟು ಆಮ್ಲಜನಕವನ್ನು ಹೀರಿಕೊಂಡು, ಗಟ್ಟಿಯಾಗುವಾಗ ಹೊರಗೆ ಬಿಡುತ್ತದೆ. ಮೈಯಲ್ಲಿ ಸಣ್ಣ ಕುಳಿಗಳು ಬೀಳುವುದಕ್ಕೆ ಇದೊಂದು ಕಾರಣ. ಬೆರೆತ ತಾಮ್ರವು ಕಾದು ಕಪ್ಪುಗಟ್ಟಿರುತ್ತದೆ. ಆಗ ನಾಳವನ್ನು ಕತ್ತರಿಸಿ, ಅರದಿಂದ ಉಜ್ಜಿ, ಹುಣಿಸೆಯ ಹುಳಿನೀರಿನಲ್ಲಿ ಕುದಿಸುತ್ತಾರೆ. ಕಪ್ಪು ಬಿಟ್ಟು ಮಂಕಾದ ಬಿಳುಪು ಬರುತ್ತದೆ. ಬಳಿಕ ಅಂಟುವಾಳದ ನೊರೆಯಲ್ಲಿ ಹಿತ್ತಾಳೆಯ ಕುಂಚದಿಂದ ತಿಕ್ಕಿ, ಕೊನೆಗೆ ನುಣುಪಾದ ಉಕ್ಕಿನಿಂದಲೋ ಅಗೇಟು ಕಲ್ಲಿನಿಂದಲೋ ಒತ್ತಿ ಎಳೆಯುತ್ತಾರೆ. ಅರವು ಲೋಹವನ್ನು ಕಳೆಯುತ್ತದೆ. ಒಪ್ಪದ ಕಲ್ಲು ಕಳೆಯದೆ ಅದುಮಿ, ಮೈಯನ್ನು ಬಿಗಿಗೊಳಿಸುತ್ತದೆ.

ಒಪ್ಪವಿಟ್ಟವನು ಎರಕದ ಗುರುತನ್ನು ಅಳಿಸುವುದರೊಡನೆ ತನ್ನ ಗುರುತನ್ನೂ ಅಳಿಸುತ್ತಾನೆ. ಆದರೆ ಒಡವೆಯನ್ನು ಮಗುಚಿ ನೋಡಿದರೆ, ಕಣ್ಣಿಗೆ ಬೀಳದ ಹಿಂಬದಿಯಲ್ಲಿ ಎರಕದ ಒರಟು, ನಾಳ ಕತ್ತರಿಸಿದ ಜಾಗ, ಅರದ ಗೀರು ಎಷ್ಟೋ ವೇಳೆ ಉಳಿದಿರುತ್ತವೆ. ಶಾಸನವನ್ನು ಓದುವಂತೆ ಇವನ್ನೂ ಓದಬೇಕು.

ಈ ಆಧಾರಕ್ಕೆ ಎರಡು ಕಡೆಯಿಂದ ಅಪಾಯವಿದೆ. ಗಾಳಿಯಲ್ಲಿನ ಗಂಧಕದ ಅಂಶದಿಂದ ಕಪ್ಪಾದ ಬೆಳ್ಳಿಯನ್ನು ಒರಟು ಪುಡಿಯಿಂದ ತಿಕ್ಕಿದಾಗಲೆಲ್ಲ ಕುಸುರಿ ಸವೆಯುತ್ತದೆ. ನುಣ್ಣನೆಯ ವಿಭೂತಿ, ಮೆದುಬಟ್ಟೆಗಳಿಂದ ಮೆಲ್ಲಗೆ ಒರೆಸುವವರು ಜಾಣರೇ. ಇದಕ್ಕಿಂತ ದೊಡ್ಡ ಅಪಾಯ ಮೂಸೆಯದು: ಹಳೆಯ ಬೆಳ್ಳಿಯನ್ನು ಕೊಡುವಾಗ ತೂಕಕ್ಕೆ ಬೆಲೆಯುಂಟು, ಒಪ್ಪಕ್ಕಿಲ್ಲ.

ಆದಕಾರಣ ಗಡಿನಾಡಿನ ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ತಮ್ಮ ಊರಿನ ಹಳೆಯ ಬೆಳ್ಳಿಯ ಒಡವೆಗಳ ಮುಂಬದಿ ಹಿಂಬದಿಗಳೆರಡರ ಚಿತ್ರವನ್ನೂ ತೆಗೆದಿಡಲಿ. ಅಕ್ಕಸಾಲಿಗರ ಬಾಯಲ್ಲಿರುವ ಉಪಕರಣಗಳ ಹೆಸರುಗಳನ್ನು ಕನ್ನಡದಲ್ಲೂ ಕೊಂಕಣಿಯಲ್ಲೂ ಬರೆದುಕೊಳ್ಳಲಿ. ಮೂಸೆಗೆ ಬಿದ್ದ ಮೇಲೆ ಬೆಳ್ಳಿ ಉಳಿದೀತು, ಅದನ್ನು ತಿದ್ದಿದ ಕೈಯ ಸಾಕ್ಷ್ಯ ಉಳಿಯದು.