ಕಲಿಯುವ ವೈದ್ಯರ ಮನಃಕ್ಲೇಶವೂ ಅದರ ಪರಿಹಾರವೂ

ಮನೆಯ ಮಗನಾಗಲಿ ಮಗಳಾಗಲಿ ವೈದ್ಯವಿದ್ಯೆಗೆ ಸೇರಿದರೆಂದರೆ ಊರಿಗೆ ಊರೇ ಸಂತೋಷಪಡುವುದು. ಆದರೆ ಆ ವಿದ್ಯಾರ್ಥಿಯು ಆಸ್ಪತ್ರೆಯಲ್ಲಿ ಇರುಳನ್ನು ಹೇಗೆ ಕಳೆಯುವನು, ತನ್ನ ಆರೈಕೆಯಲ್ಲಿದ್ದ ರೋಗಿಯು ಮೊದಲಬಾರಿಗೆ ಪ್ರಾಣಬಿಟ್ಟ ದಿವಸ ಯಾರೊಡನೆ ಮಾತನಾಡುವನು ಎಂಬುದನ್ನು ನಾವು ವಿಚಾರಿಸುವುದು ವಿರಳ. ರೋಗಿಯ ದುಃಖವನ್ನು ಕೇಳುವುದಕ್ಕೆ ವೈದ್ಯನುಂಟು. ಕಲಿಯುತ್ತಿರುವ ವೈದ್ಯನ ದುಃಖವನ್ನು ಕೇಳತಕ್ಕವರಾರು? ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ಸಂಕ್ಷೇಪವಾಗಿ ನಿರೂಪಿಸುವೆನು.

ಪದವಿಯ ತರುವಾಯ ಆಸ್ಪತ್ರೆಯಲ್ಲಿಯೇ ವಾಸಮಾಡಿ ಕಲಿಯುವ ಪದ್ಧತಿಗೆ ಅಮೆರಿಕದಲ್ಲಿ ವ್ಯವಸ್ಥಿತ ರೂಪವನ್ನು ಕೊಟ್ಟುದು, ಬಾಲ್ಟಿಮೋರ್ ಪಟ್ಟಣದಲ್ಲಿ 1889ರಲ್ಲಿ ತೆರೆಯಲ್ಪಟ್ಟ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯು. ಅಲ್ಲಿಯ ಔಷಧವೈದ್ಯಕ್ಕೆ ವಿಲಿಯಂ ಓಸ್ಲರ್ ಎಂಬವರೂ, ಶಸ್ತ್ರವೈದ್ಯಕ್ಕೆ ವಿಲಿಯಂ ಹಾಲ್‌ಸ್ಟೆಡ್ ಎಂಬವರೂ ಮುಖ್ಯಸ್ಥರಾಗಿದ್ದರು. ಅಹೋರಾತ್ರಿ ಆಸ್ಪತ್ರೆಯಲ್ಲಿಯೇ ಇರತಕ್ಕವರಾದುದರಿಂದ ಶಿಷ್ಯರಿಗೆ ‘ನಿವಾಸಿ’ ಎಂಬರ್ಥದ ರೆಸಿಡೆಂಟ್ ಎಂಬ ಹೆಸರು ನಿಂತಿತು. ಅದೇ 1889ರಲ್ಲಿ ಓಸ್ಲರರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹೊಸ ವೈದ್ಯರಿಗೆ, ಏನು ಬಂದರೂ ಕದಡದ ಸಮಚಿತ್ತತೆಯೇ ವೈದ್ಯನ ಮುಖ್ಯ ಗುಣವೆಂದು ಬೋಧಿಸಿದರು. ರೋಗಿಯೆದುರಿಗೆ ಈ ಗುಣವು ಬೇಕಾದುದೇ ಸರಿ. ಆದರೆ ಕದಡಿದ ಚಿತ್ತವನ್ನು ಆಮೇಲೆ ಎಲ್ಲಿ ತೋಡಿಕೊಳ್ಳಬೇಕೆಂಬುದಕ್ಕೆ ಆ ಪದ್ಧತಿಯಲ್ಲಿ ಏರ್ಪಾಡಿರಲಿಲ್ಲ.

ಇದರ ಫಲವೇನೆಂಬುದಕ್ಕೆ ಹಾಲ್‌ಸ್ಟೆಡ್ಡರ ಜೀವಿತವೇ ಸಾಕ್ಷಿಯಾಗಿದೆ. 1884ರಲ್ಲಿ ಕೊಕೇನ್ ಔಷಧವು ನೋವನ್ನು ಮರೆಯಿಸುವುದೆಂದು ತಿಳಿದುಬರಲು, ಅವರು ನ್ಯೂಯಾರ್ಕಿನಲ್ಲಿ ಅದನ್ನು ತಮ್ಮ ಶರೀರದ ಮೇಲೆಯೇ ಪ್ರಯೋಗಿಸಿ ಅದಕ್ಕೆ ದಾಸರಾದರು. ತರುವಾಯ ಮಾರ್ಫಿನ್ನಿಗೂ ವಶರಾದರು. 1922ರಲ್ಲಿ ಕಾಲವಾಗುವವರೆಗೂ ಆ ಕೀರ್ತಿವಂತರು ತಮ್ಮ ವ್ಯಾಧಿಯನ್ನು ಮುಚ್ಚಿಟ್ಟುಕೊಂಡೇ ಬಾಳಿದರು. ಅದನ್ನು ಬಲ್ಲವರಾಗಿದ್ದ ಓಸ್ಲರರು ಗುಪ್ತವಾಗಿ ಬರೆದಿಟ್ಟ ವೃತ್ತಾಂತವು ಬೆಳಕಿಗೆ ಬಂದುದು 1969ರಲ್ಲಿ, ಅವರ ಮರಣಾನಂತರ 50 ವರ್ಷಗಳಿಗೆ. ಗುರುವೇ ಬಾಯಿಬಿಡಲಾರದೆ ಹೋದ ವಿದ್ಯಾಲಯದಲ್ಲಿ ಶಿಷ್ಯನು ಬಾಯಿಬಿಡುವುದೆಂತು?

ಮೌನವನ್ನು ಮುರಿಯುವ ಒಂದು ಪ್ರಯತ್ನವು ಲಂಡನ್ನಿನಲ್ಲಿ ನಡೆಯಿತು. ಹಂಗೆರಿಯಲ್ಲಿ ಹುಟ್ಟಿದ ಮನೋವೈದ್ಯ ಮೈಕೇಲ್ ಬಾಲಿಂಟರು 1950ರ ದಶಕದಲ್ಲಿ ಟ್ಯಾವಿಸ್ಟಾಕ್ ಚಿಕಿತ್ಸಾಲಯದಲ್ಲಿ ಸಾಮಾನ್ಯ ವೈದ್ಯರ ಚಿಕ್ಕ ಗೋಷ್ಠಿಗಳನ್ನು ಕೂಡಿಸಿದರು. ಒಬ್ಬ ವೈದ್ಯನು ತನ್ನನ್ನು ಬಾಧಿಸುತ್ತಿರುವ ರೋಗಿಯ ವಿಷಯವನ್ನು ಹೇಳುವನು. ಉಳಿದವರು ಆಲಿಸಿ, ಆ ರೋಗಿಗೂ ವೈದ್ಯನಿಗೂ ಇರುವ ಸಂಬಂಧವನ್ನು ವಿವೇಚಿಸುವರು. ಅಲ್ಲಿ ಪರೀಕ್ಷೆಯಿಲ್ಲ, ಅಂಕಗಳಿಲ್ಲ. ಈ ಅನುಭವವು 1957ರಲ್ಲಿ ಗ್ರಂಥರೂಪವಾಗಿ ಹೊರಬಂದು, ಕ್ರಮೇಣ ಕಲಿಯುವ ವೈದ್ಯರಿಗೂ ಇಂತಹ ಗೋಷ್ಠಿಗಳು ಏರ್ಪಟ್ಟವು.

ಮತ್ತೊಂದು ಪ್ರಯತ್ನವು ದುಡಿಮೆಯ ಹೊತ್ತಿಗೆ ಸಂಬಂಧಿಸಿದುದು. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ 18 ವಯಸ್ಸಿನ ತರುಣಿಯೊಬ್ಬಳು ಮೃತಳಾಗಲು, ಅವಳನ್ನು ನೋಡಿಕೊಂಡ ಕಿರಿಯ ವೈದ್ಯರ ದೀರ್ಘ ದುಡಿಮೆಯು ಸಾರ್ವಜನಿಕ ಚರ್ಚೆಗೆ ಬಂದಿತು. 1989ರಲ್ಲಿ ಆ ಸಂಸ್ಥಾನವೂ, 2003ರಲ್ಲಿ ಅಮೆರಿಕ ದೇಶವೆಲ್ಲವೂ ವಾರಕ್ಕೆ 80 ಗಂಟೆಗಳ ಮಿತಿಯನ್ನು ವಿಧಿಸಿದವು. ಆದರೆ ಗಂಟೆ ಕಡಿಮೆಯಾದ ಮಾತ್ರಕ್ಕೆ ಮನಸ್ಸಿನ ಭಾರವು ಇಳಿಯುವುದಿಲ್ಲವಷ್ಟೆ. 2008ರಲ್ಲಿ ಲಂಡನ್ನಿನಲ್ಲಿ ವೈದ್ಯರಿಗೋಸ್ಕರವೇ ಗುಟ್ಟನ್ನು ಕಾಪಾಡುವ ಪ್ರತ್ಯೇಕ ಚಿಕಿತ್ಸಾಸೇವೆಯು ಆರಂಭವಾದುದು ಈ ಕೊರತೆಯನ್ನು ತುಂಬುವುದಕ್ಕಾಗಿಯೇ.

ನಮ್ಮ ದೇಶದ ಸ್ಥಿತಿಯನ್ನು ನೋಡೋಣ. 1992ರಲ್ಲಿ ಕೇಂದ್ರ ಸರ್ಕಾರವು ನಿವಾಸಿ ವೈದ್ಯರ ಕೆಲಸವು ಸಾಮಾನ್ಯವಾಗಿ ದಿನಕ್ಕೆ 12, ವಾರಕ್ಕೆ 48 ಗಂಟೆಗಳನ್ನು ಮೀರಬಾರದೆಂದು ನಿರ್ದೇಶಿಸಿತು. 32 ವರ್ಷಗಳಾದ ಮೇಲೆ, 2024ರಲ್ಲಿ, ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯು ವಾರಕ್ಕೆ 74 ಗಂಟೆಗಳನ್ನು ಮೀರದಿರಲೆಂದು ಶಿಫಾರಸು ಮಾಡಬೇಕಾಯಿತು! ಮೊದಲಿನ ನಿರ್ದೇಶವು ಎಷ್ಟರಮಟ್ಟಿಗೆ ನಡೆಯಿತೆಂಬುದನ್ನು ಈ ಎರಡು ಅಂಕಿಗಳೇ ಹೇಳುವವು. ಅದೇ ಕಾರ್ಯಪಡೆಯ ಸಮೀಕ್ಷೆಗೆ ಉತ್ತರವಿತ್ತ ಪದವಿ ವಿದ್ಯಾರ್ಥಿಗಳಲ್ಲಿ ನೂರಕ್ಕೆ 27.8 ಮಂದಿಯೂ, ಸ್ನಾತಕೋತ್ತರರಲ್ಲಿ 15.3 ಮಂದಿಯೂ ತಮಗೆ ಮಾನಸಿಕ ವ್ಯಾಧಿಯಿರುವುದನ್ನು ತಿಳಿಸಿದರು. ಈ ಕಾರ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮನೋವೈದ್ಯರು ಮುಂದಾಳುತನ ವಹಿಸಿದುದು ಕನ್ನಡಿಗರಿಗೆ ಅಭಿಮಾನದ ಸಂಗತಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ದೂರವಾಣಿ ಸೇವೆಗೂ ಅದೇ ಸಂಸ್ಥೆಯು ಕೇಂದ್ರವಾಗಿರುವುದು. 14416 ಎಂಬ ಸಂಖ್ಯೆಗೆ ಯಾರಾದರೂ ಕರೆಮಾಡಬಹುದು.

ಈ ಚರಿತ್ರೆಯಿಂದ ಗ್ರಹಿಸತಕ್ಕ ನೀತಿಯೊಂದಿದೆ. ಪರೀಕ್ಷಿಸುವವನೂ ಸಾಂತ್ವನ ಹೇಳುವವನೂ ಒಬ್ಬನೇ ಆಗಿರುವಲ್ಲಿ ಶಿಷ್ಯನು ಸತ್ಯವನ್ನು ನುಡಿಯಲಾರನು. ತನ್ನ ಅಳಲು ನಾಳೆ ಅನರ್ಹತೆಯ ಗುರುತಾಗಬಹುದೆಂಬ ಭಯವೇ ಅವನ ಬಾಯನ್ನು ಕಟ್ಟುವುದು. ಆದುದರಿಂದ ಆಪ್ತಸಮಾಲೋಚಕನು ಪರೀಕ್ಷಕರಿಗೆ ಅಧೀನನಾಗಿರದೆ, ಕೇಳಿದ ಗುಟ್ಟನ್ನು ಕಾಯುವವನಾಗಿರಬೇಕು.

ತಾಯಿತಂದೆಗಳಾದ ನಮಗೂ ಇಲ್ಲಿ ಕರ್ತವ್ಯವುಂಟು. ರಜೆಗೆ ಬಂದ ಮಗುವನ್ನು ಅಂಕಗಳೆಷ್ಟೆಂದು ಕೇಳುವ ಮುನ್ನ ನಿದ್ರೆ ಬರುತ್ತಿದೆಯೇ ಎಂದು ಕೇಳೋಣ. ಕಲಿಕೆಯನ್ನು ಕೆಲಕಾಲ ನಿಲ್ಲಿಸಬೇಕೆಂದರೆ ಅದನ್ನು ಕುಲಕ್ಕೆ ಬಂದ ಅಪಕೀರ್ತಿಯೆಂದು ಎಣಿಸದಿರೋಣ. ನಾಳೆ ನಮ್ಮ ನೋವನ್ನು ಕೇಳತಕ್ಕವರು ಅವರೇ. ಇಂದು ಅವರ ನೋವನ್ನು ಕೇಳುವುದು ನಮ್ಮ ಪಾಲಿನ ಋಣ.