ಲೂಪಸ್ ಕಾಯಿಲೆ: ದಿನನಿತ್ಯದ ಪಾಲನೆ ಹಾಗೂ ಲಭ್ಯವಿರುವ ಸೌಲಭ್ಯಗಳು
(ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಶರೀರದ ರೋಗನಿರೋಧಕ ವ್ಯವಸ್ಥೆಯು ತನ್ನದೇ ಅಂಗಾಂಶಗಳ ಮೇಲೆ ಎರಗುವುದರಿಂದ ಉಂಟಾಗುವ ದೀರ್ಘಕಾಲೀನ ಕಾಯಿಲೆಯನ್ನು ಲೂಪಸ್ ಎಂದು ಕರೆಯಲಾಗುತ್ತದೆ. ಪೀಡಿತರಾಗುವ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಮಹಿಳೆಯರಾಗಿದ್ದು, ಬಹುಪಾಲು 15 ರಿಂದ 45 ವರ್ಷ ವಯಸ್ಸಿನೊಳಗೆ ಇದು ಕಾಣಿಸಿಕೊಳ್ಳುತ್ತದೆ. ಇದು ಸಾಂಕ್ರಾಮಿಕ ರೋಗವಲ್ಲ. ರೋಗಿಯ ತಟ್ಟೆ, ಲೋಟ, ಹಾಸಿಗೆಗಳನ್ನು ಪ್ರತ್ಯೇಕಿಸುವುದು ಅನಾವಶ್ಯಕವಷ್ಟೇ ಅಲ್ಲ, ಅನ್ಯಾಯವೂ ಹೌದು.

ವಾರಗಟ್ಟಲೆ ಬಿಡದ ಕೀಲುನೋವು, ಸಣ್ಣ ಜ್ವರ, ವಿಪರೀತ ಆಯಾಸ, ಕೂದಲು ಉದುರುವಿಕೆ, ಬಾಯಿಹುಣ್ಣು, ಬಿಸಿಲಿಗೆ ಹೋದಾಗ ಮೂಗಿನ ಇಕ್ಕೆಲಗಳಲ್ಲಿ ಕೆನ್ನೆಯ ಮೇಲೆ ಮೂಡುವ ಕೆಂಪು ಗುರುತು ಇವು ಸಾಮಾನ್ಯ ಲಕ್ಷಣಗಳು. ಚಿಕುನ್‌ಗುನ್ಯಾ ಬಂದು ಹೋದ ಊರುಗಳಲ್ಲಿ ಕೀಲುನೋವನ್ನು ಅದರ ಶೇಷವೆಂದೇ ಭಾವಿಸಿ, ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತಾ ಕಾಲ ಕಳೆಯುವ ಸಂಭವವಿರುತ್ತದೆ. ಇಂತಹ ಮಾತ್ರೆಗಳು ಮೂತ್ರಪಿಂಡಕ್ಕೆ ಹಾನಿಕರ. ಲೂಪಸ್ ಕೂಡ ಅದೇ ಅಂಗವನ್ನು ಬಾಧಿಸುವ ಕಾಯಿಲೆಯಾದ್ದರಿಂದ ಹಾನಿ ಇಮ್ಮಡಿಯಾಗುತ್ತದೆ.

ಬಿಸಿಲು ಮತ್ತು ದುಡಿಮೆ

ಸೂರ್ಯನ ಅತಿನೇರಳೆ ಕಿರಣಗಳು ಚರ್ಮದ ಮೇಲೆ ಮಾತ್ರವಲ್ಲದೆ ಇಡೀ ಶರೀರದಲ್ಲಿ ಕಾಯಿಲೆಯನ್ನು ಕೆರಳಿಸಬಲ್ಲವು. ಕಡೂರು ಮತ್ತು ಅಜ್ಜಂಪುರದ ಬಯಲುಸೀಮೆಯಲ್ಲಿ ಈರುಳ್ಳಿ, ರಾಗಿ ಹೊಲಗಳ ಕೆಲಸಕ್ಕೆ ಮರದ ನೆರಳೂ ಇರುವುದಿಲ್ಲ. ಸಾಧ್ಯವಾದಷ್ಟು ಮಟ್ಟಿಗೆ ಬೆಳಿಗ್ಗೆ 10 ಗಂಟೆಯೊಳಗೆ ಹಾಗೂ ಸಂಜೆ 4ರ ನಂತರ ಹೊಲದ ಕೆಲಸ ಇಟ್ಟುಕೊಳ್ಳುವುದು, ತುಂಬುತೋಳಿನ ಹತ್ತಿಬಟ್ಟೆ, ತಲೆಗೆ ಸೆರಗು ಅಥವಾ ಅಗಲ ಅಂಚಿನ ಟೋಪಿ, ಕೊಡೆ ಬಳಸುವುದು ಸೂಕ್ತ. ವೈದ್ಯರು ಬರೆದುಕೊಟ್ಟ ಸನ್‌ಸ್ಕ್ರೀನ್ ಲೇಪನವನ್ನು ಅಲಂಕಾರದ ವಸ್ತುವೆಂದು ಮನೆಯವರು ಆಕ್ಷೇಪಿಸಬಾರದು. ಅದು ಔಷಧಿಯೇ ಆಗಿರುತ್ತದೆ. ತರೀಕೆರೆಯ ಮಲೆನಾಡು ಸೆರಗಿನ ಲಿಂಗದಹಳ್ಳಿ, ಕೆಮ್ಮಣ್ಣುಗುಂಡಿ ಕಡೆಯವರು ಮೋಡವಿದೆಯೆಂದು ಈ ಎಚ್ಚರಿಕೆಯನ್ನು ಕೈಬಿಡತಕ್ಕದ್ದಲ್ಲ, ಏಕೆಂದರೆ ಈ ಕಿರಣಗಳು ಮೋಡವನ್ನೂ ದಾಟಿ ಬರುತ್ತವೆ. ಜಾತ್ರೆ, ರಥೋತ್ಸವ, ಮದುವೆಯ ಚಪ್ಪರಗಳಿಗೂ ಇದೇ ಅನ್ವಯ.

ಆಯಾಸವು ಈ ಕಾಯಿಲೆಯ ಲಕ್ಷಣವೇ ಹೊರತು ಸೋಮಾರಿತನವಲ್ಲ ಎಂಬುದನ್ನು ಕುಟುಂಬದ ಹಿರಿಯರು ಅರಿಯುವುದು ಅವಶ್ಯ. ಮಧ್ಯಾಹ್ನದ ಅರ್ಧ ಗಂಟೆ ವಿಶ್ರಾಂತಿ, ಭಾರದ ಕೆಲಸಗಳನ್ನು ವಾರದಲ್ಲಿ ಹಂಚಿಕೊಳ್ಳುವುದು, ತಂಪು ಹೊತ್ತಿನಲ್ಲಿ ನಡಿಗೆ ಇವು ಪ್ರಯೋಜನಕಾರಿ.

ಆಹಾರ

ವಿಶೇಷ ಪಥ್ಯವೇನೂ ಇಲ್ಲ. ಸ್ಟಿರಾಯ್ಡ್ ಸೇವಿಸುವವರ ಮೂಳೆ ಸವೆಯುವುದರಿಂದ ಕ್ಯಾಲ್ಸಿಯಂ ಹೆಚ್ಚಿರುವ ನಮ್ಮ ರಾಗಿ ಮುದ್ದೆ, ಮಜ್ಜಿಗೆ, ಸೊಪ್ಪು ಉತ್ತಮ. ಬಿಸಿಲು ತಪ್ಪಿಸುವವರಲ್ಲಿ ಡಿ ಜೀವಸತ್ವ ಕಡಿಮೆಯಾಗುವುದರಿಂದ ಆ ಬಗ್ಗೆ ವೈದ್ಯರನ್ನು ಕೇಳತಕ್ಕದ್ದು. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆ ಇದ್ದಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಮಿತಗೊಳಿಸಬೇಕು, ಹಾಗೂ ಯಾವ ಆಹಾರ ಎಷ್ಟು ಎಂಬುದನ್ನು ವೈದ್ಯರಿಂದಲೇ ತಿಳಿಯಬೇಕು.

“ರೋಗನಿರೋಧಕ ಶಕ್ತಿ ಹೆಚ್ಚಿಸುವ” ಪುಡಿ, ಕಷಾಯಗಳನ್ನು ವೈದ್ಯರಿಗೆ ತಿಳಿಸದೆ ಸೇವಿಸಬಾರದು. ಲೂಪಸ್‌ನಲ್ಲಿ ಆ ವ್ಯವಸ್ಥೆಯೇ ಅತಿಯಾಗಿ ವರ್ತಿಸುತ್ತಿರುತ್ತದೆ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ಬಗ್ಗೆ 2021ರಲ್ಲಿ ಮುಂಬೈನ ವೈದ್ಯರು ವರದಿ ಮಾಡಿದ್ದು, ಆಯುಷ್ ಸಚಿವಾಲಯವು ಅದನ್ನು ಒಪ್ಪಿರುವುದಿಲ್ಲ. ವಿವಾದ ಏನೇ ಇರಲಿ, ಲೂಪಸ್ ರೋಗಿಗಳು ದೂರವಿರುವುದೇ ಕ್ಷೇಮ.

ಮಾತ್ರೆ ಮತ್ತು ತಪಾಸಣೆ

ನೋವು ಇಳಿದ ಕೂಡಲೇ ಮಾತ್ರೆ ನಿಲ್ಲಿಸುವುದು ಅತಿ ದೊಡ್ಡ ತಪ್ಪು. ಸ್ಟಿರಾಯ್ಡನ್ನು ಹಠಾತ್ತನೆ ಬಿಟ್ಟರೆ ಪ್ರಾಣಾಪಾಯವೂ ಸಂಭವಿಸಬಹುದು. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯು ಕಾಯಿಲೆ ಮರುಕಳಿಸುವುದನ್ನು ತಡೆಯುವ ಮುಖ್ಯ ಆಧಾರ. ಇದನ್ನು ಸೇವಿಸುವವರು ಮೊದಲ ವರ್ಷದೊಳಗೆ ಒಮ್ಮೆ, ಐದು ವರ್ಷಗಳ ನಂತರ ಪ್ರತಿ ವರ್ಷ ಕಣ್ಣಿನ ತಪಾಸಣೆ ಮಾಡಿಸತಕ್ಕದ್ದು. 2020ರ ಕೋವಿಡ್ ಸಂದರ್ಭದಲ್ಲಿ ಈ ಮಾತ್ರೆಗೆ ಏಕಾಏಕಿ ಬೇಡಿಕೆ ಹೆಚ್ಚಿ ಲೂಪಸ್ ರೋಗಿಗಳು ಪರದಾಡಿದ್ದನ್ನು ನೆನೆದು, ಒಂದು ತಿಂಗಳ ದಾಸ್ತಾನು ಹಾಗೂ ವೈದ್ಯರ ಚೀಟಿಯನ್ನು ಸದಾ ಕೈಯಲ್ಲಿಟ್ಟುಕೊಳ್ಳುವುದು ಒಳಿತು.

ಮೂತ್ರಪಿಂಡದ ಹಾನಿಯು ಆರಂಭದಲ್ಲಿ ನೋವನ್ನೇ ಕೊಡುವುದಿಲ್ಲ. ಮೂತ್ರದಲ್ಲಿ ನಿಲ್ಲುವ ನೊರೆ, ಬೆಳಗಿನ ಹೊತ್ತು ಕಣ್ಣಸುತ್ತ ಊತ, ಸಂಜೆ ಪಾದದ ಬಾವು ಕಂಡುಬಂದಲ್ಲಿ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಆಸ್ಪತ್ರೆಗೆ ತೆರಳಬೇಕು. ಏನೂ ಕಾಣದಿದ್ದರೂ ವೈದ್ಯರು ತಿಳಿಸಿದ ಅವಧಿಗೊಮ್ಮೆ ಮೂತ್ರ ಹಾಗೂ ರಕ್ತದೊತ್ತಡ ಪರೀಕ್ಷೆ ತಪ್ಪಿಸಬಾರದು. ಖರ್ಚುವೆಚ್ಚ ಬರೆಯುವ ಪುಸ್ತಕದಂತೆ ಒಂದು ಇನ್ನೂರು ಪುಟದ ನೋಟ್‌ಬುಕ್‌ನಲ್ಲಿ ದಿನಾಂಕ, ಫಲಿತಾಂಶ, ಮಾತ್ರೆಯ ಪ್ರಮಾಣ ದಾಖಲಿಸಿದರೆ ಊರು ಬದಲಿಸಿದಾಗಲೂ ಹೊಸ ವೈದ್ಯರಿಗೆ ಲೆಕ್ಕ ಸಿಗುತ್ತದೆ.

ಗರ್ಭಧಾರಣೆಗೆ ಮುನ್ನ ಕಾಯಿಲೆ ಕನಿಷ್ಠ ಆರು ತಿಂಗಳು ಶಾಂತವಾಗಿರಬೇಕು. ಕೆಲವು ಔಷಧಿಗಳು ಶಿಶುವಿಗೆ ಅಪಾಯಕಾರಿಯಾದ್ದರಿಂದ ಮೊದಲೇ ಬದಲಿಸಬೇಕಾಗುತ್ತದೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಸಾಮಾನ್ಯವಾಗಿ ಮುಂದುವರಿಯುತ್ತದೆ. ತಾಯಿ ಕಾರ್ಡ್ ಮಾಡಿಸುವಾಗಲೇ ಆಶಾ ಕಾರ್ಯಕರ್ತೆಗೆ ಕಾಯಿಲೆಯ ವಿಷಯ ತಿಳಿಸತಕ್ಕದ್ದು. ಇದನ್ನು ಮುಚ್ಚಿಡುವುದರಿಂದ ತಾಯಿ, ಮಗು ಇಬ್ಬರಿಗೂ ತೊಂದರೆ.

ಸೌಲಭ್ಯಗಳು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವಾರ್ಷಿಕ ರೂ. 5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡ 30ರಂತೆ ರೂ. 1.5 ಲಕ್ಷದವರೆಗೆ ನೆರವು ಇರುತ್ತದೆ. ತುರ್ತು ಸಂದರ್ಭ ಹೊರತುಪಡಿಸಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುವುದರಿಂದ ಮೊದಲು ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗೆ ಹಾಜರಾಗತಕ್ಕದ್ದು. ಪ್ರತಿ ತಿಂಗಳ ಹೊರರೋಗಿ ಮಾತ್ರೆಗಳ ವೆಚ್ಚ ಸಾಮಾನ್ಯವಾಗಿ ಇದರಲ್ಲಿ ಸೇರುವುದಿಲ್ಲ. ಅದಕ್ಕೆ ಜನೌಷಧಿ ಕೇಂದ್ರಗಳಲ್ಲಿ ವಿಚಾರಿಸಬಹುದು. ಶಿವಮೊಗ್ಗ, ಬೆಂಗಳೂರಿಗೆ ತಪಾಸಣೆಗೆ ತೆರಳುವ ಮಹಿಳೆಯರಿಗೆ 11 ಜೂನ್ 2023ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಗುರುತಿನ ಚೀಟಿ ಜೊತೆಗಿರಲಿ.

ಅಂಗವಿಕಲತೆಯ ಪ್ರಮಾಣಪತ್ರ ಕೋರುವವರು ಗಮನಿಸಬೇಕಾದ ಅಂಶ: 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 21 ವರ್ಗಗಳಲ್ಲಿ ಲೂಪಸ್‌ನ ಹೆಸರಿಲ್ಲ. ಆದ್ದರಿಂದ ಕಾಯಿಲೆಯ ಹೆಸರಿನಲ್ಲಿ ಅರ್ಜಿ ಸಲ್ಲಿಸಿದರೆ ಪ್ರಯೋಜನವಾಗದು. ಅದರಿಂದ ಕೀಲುಗಳ ಚಲನೆ ಅಥವಾ ದೃಷ್ಟಿ ಶಾಶ್ವತವಾಗಿ ಕುಂಠಿತವಾಗಿದ್ದಲ್ಲಿ ಆ ನ್ಯೂನತೆಯ ಹೆಸರಿನಲ್ಲಿ ಯುಡಿಐಡಿ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಿ, ವೈದ್ಯಕೀಯ ಪ್ರಾಧಿಕಾರದ ಮುಂದೆ ಆಧಾರ್, ಭಾವಚಿತ್ರ ಹಾಗೂ ಚಿಕಿತ್ಸಾ ದಾಖಲೆಗಳೊಂದಿಗೆ ಖುದ್ದಾಗಿ ಹಾಜರಾಗತಕ್ಕದ್ದು.