ಗಾಲಿಯ ಹಲ್ಲು, ಗಾಡಿಯ ಗೋಳು

ನನ್ನ ಕಾರು ನರಳತೊಡಗಿದ್ದು ಮೈಸೂರು ರಸ್ತೆಯಲ್ಲಿ, ರಾಮನಗರ ದಾಟಿದ ಮೇಲೆ. ಗಂಟೆಗೆ ೬೦ ಕಿಲೋಮೀಟರಿನ ಸುಮಾರಿನಲ್ಲಿ ಹೋಗುತ್ತಿದ್ದೆ. ಇಳಿಜಾರು ಬಂತೆಂದು ಆಕ್ಸಿಲರೇಟರಿನ ಮೇಲಿದ್ದ ಕಾಲನ್ನು ಸಡಿಲಿಸಿದೆ. ಹಿಂದಿನ ಸೀಟಿನ ಅಡಿಯಿಂದ "ಊಂ..." ಎಂದು ಸಣ್ಣಗೆ ಒಂದು ಸ್ವರ ಎದ್ದಿತು. ಕಾಲು ಒತ್ತಿದೆ, ಅಡಗಿತು. ಸಡಿಲಿಸಿದೆ, ಮತ್ತೆ ಎದ್ದಿತು. ಪಕ್ಕದಲ್ಲಿ ತೂಕಡಿಸುತ್ತಿದ್ದ ನನ್ನ ಮನೆಯಾಕೆ ಕಣ್ಣು ತೆರೆದು, "ಇದೇನ್ರೀ, ಹಿಂದೆ ಯಾರೋ ತಂಬೂರಿ ಹಿಡಿದು ಕೂತ ಹಾಗಿದೆ!" ಎಂದಳು.

ತಂಬೂರಿಯಾಗಿದ್ದರೆ ಚಿಂತೆಯಿರಲಿಲ್ಲ. ಅದು ನಮ್ಮ ತಂದೆಯವರು ಕೊಂಡ ಗಾಡಿ. ಅವರು ಹೋದ ಮೇಲೆ ನನ್ನ ಪಾಲಿಗೆ ಬಂದದ್ದು. ಎಂಜಿನ್ ಮುಂದೆ, ಎಂಜಿನ್ನಿನ ಬಲ ತಲುಪಬೇಕಾದ ಗಾಲಿಗಳು ಹಿಂದೆ, ನಡುವೆ ಉದ್ದನೆಯದೊಂದು ಷಾಫ್ಟು, ಇದು ಅದರ ರಚನೆ. ಮುಂದಿನ ಎರಡು ತಿಂಗಳಲ್ಲಿ ಅದನ್ನು ಮೂರು ಗ್ಯಾರೇಜುಗಳಿಗೆ ತೋರಿಸಿದೆ. ಮೊದಲನೆಯವರು ಗೇರ್ ಬಾಕ್ಸ್ ಬಿಚ್ಚಿ ಬೇರಿಂಗುಗಳನ್ನು ಬದಲಾಯಿಸಿದರು. ಎರಡನೆಯವರು ಟೈರುಗಳೇ ಅಪರಾಧಿಗಳೆಂದು ತೀರ್ಪಿತ್ತರು. ನಾಲ್ಕು ಹೊಸ ಟೈರುಗಳು ಬಂದವು. ಮೂರನೆಯವರು ಐದು ನಿಮಿಷ ಓಡಿಸಿ ನೋಡಿ, "ಕ್ರೌನ್ ಪಿನಿಯನ್ ಹೋಗಿದೆ ಸಾರ್, ಹೊಸ ಸೆಟ್ಟೇ ಹಾಕಬೇಕು" ಎಂದರು. ಹಳೆಯ ಗಾಡಿ, ಸೆಟ್ಟು ಸಿಗುವುದೇ ದುರ್ಲಭ, ಸಿಕ್ಕರೆ ನನ್ನ ಒಂದು ತಿಂಗಳ ಪಿಂಚಣಿ ಅದಕ್ಕೇ ಸಮರ್ಪಣೆ. ಇಷ್ಟೆಲ್ಲ ಆದರೂ ಸ್ವರ ಮಾತ್ರ ಶ್ರುತಿ ತಪ್ಪದೆ ನಡೆದಿತ್ತು. "ಗುಜರಿಗೆ ಹಾಕಿಬಿಡಿ ಅಪ್ಪ, ಎಲೆಕ್ಟ್ರಿಕ್ ಕಾರು ತರೋಣ, ಸದ್ದೇ ಇರೋದಿಲ್ಲ" ಎಂದ ಮಗ.

ಗಾಡಿ ಗುಜರಿಗೆ ಹೋಗುವುದೇ ಆದರೆ ಅದಕ್ಕೆ ಮುಂಚೆ ಈ ಸದ್ದು ಹುಟ್ಟುವುದು ಹೇಗೆಂಬುದನ್ನಾದರೂ ತಿಳಿಯೋಣವೆನಿಸಿತು. ಪುಸ್ತಕಗಳನ್ನು ತೆರೆದೆ. ತೆರೆದದ್ದು ಮೋಟಾರಿನ ಪುಸ್ತಕ. ಹೋಗಿ ನಿಂತದ್ದು ೧೭ನೆಯ ಶತಮಾನದ ಲಂಡನ್ನಿನಲ್ಲಿ.

ಗಾಡಿಯ ಸದ್ದೆಂದರೆ ನಮ್ಮ ಹಿರಿಯರಿಗೆ ನೆನಪಾಗುತ್ತಿದ್ದುದು ಕೀಲೆಣ್ಣೆ. ಎತ್ತಿನ ಗಾಡಿಯ ಅಚ್ಚು ಒಣಗಿದರೆ ಗಾಲಿ ಕಿರುಗುಟ್ಟುತ್ತದೆ; ಎಣ್ಣೆ ಹಾಕಿದರೆ ಸುಮ್ಮನಾಗುತ್ತದೆ. ಅದು ಬರಿಯ ಉಜ್ಜುವಿಕೆಯ ಸದ್ದು. ನನ್ನ ಕಾರಿನದು ಬೇರೆ ಜಾತಿಯದು: ಅದು ಹಲ್ಲಿನಿಂದ ಹುಟ್ಟಿದ ಸ್ವರ. ಹಲ್ಲುಚಕ್ರ ಸ್ವರ ಹೊರಡಿಸಬಲ್ಲದೆಂದು ಲಂಡನ್ನಿನ ರಾಯಲ್ ಸೊಸೈಟಿಯ ಪಂಡಿತರ ಮುಂದೆ ೧೬೮೧ರಲ್ಲಿ ತೋರಿಸಿದವನು ರಾಬರ್ಟ್ ಹುಕ್. ಹಲ್ಲು ಕೊರೆದ ಹಿತ್ತಾಳೆಯ ಚಕ್ರವನ್ನು ವೇಗವಾಗಿ ತಿರುಗಿಸಿದ. ಒಂದೊಂದು ಹಲ್ಲಿನ ಬಡಿತವೂ ಮುಂದಿನದರೊಡನೆ ಕೂಡಿಕೊಂಡು ಸಂಗೀತದ ಸ್ವರವಾಯಿತು. ೧೯ನೆಯ ಶತಮಾನದಲ್ಲಿ ಫ್ರಾನ್ಸಿನ ಫೆಲಿಕ್ಸ್ ಸಾವಾರ್ ಇಂಥದೇ ಚಕ್ರದಿಂದ ಸ್ವರಗಳನ್ನು ಅಳೆದ.

ಈ ಲೆಕ್ಕವನ್ನು ನನ್ನ ಕಾರಿಗೂ ಹಾಕಿ ನೋಡಿದೆ. ಷಾಫ್ಟಿನ ತುದಿಯಲ್ಲಿರುವ ಪುಟ್ಟ ಹಲ್ಲುಚಕ್ರಕ್ಕೆ ಪಿನಿಯನ್ ಎಂದು ಹೆಸರು. ಅದು ಅಡ್ಡಲಾಗಿ ನಿಂತ ಕ್ರೌನ್ ವೀಲ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಅದರಿಂದ ಗಾಲಿಗಳು ತಿರುಗುತ್ತವೆ. ನನ್ನ ಗಾಡಿಯಲ್ಲಿ ಪಿನಿಯನ್ನಿಗೆ ೯ ಹಲ್ಲು, ಕ್ರೌನ್ ವೀಲಿಗೆ ೪೧. ಗಂಟೆಗೆ ೬೦ ಕಿಲೋಮೀಟರು ಓಡುವಾಗ ಗಾಲಿ ಸೆಕೆಂಡಿಗೆ ಎಂಟು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ಅಂದರೆ ಹಲ್ಲಿಗೆ ಹಲ್ಲು ಸೇರುವುದು ಸೆಕೆಂಡಿಗೆ ಸುಮಾರು ೩೪೦ ಬಾರಿ. ಇದು ಮನುಷ್ಯನ ಗಂಟಲಿಗೂ ಎಟಕುವ ಸ್ವರ! ವೇಗ ಅರ್ಧಕ್ಕೆ ಇಳಿದರೆ ಸ್ವರ ಸರಿಯಾಗಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಮನೆಯಾಕೆ ತಂಬೂರಿಯೆಂದದ್ದು ಬರಿಯ ಕುಚೋದ್ಯವಲ್ಲವೆಂದು ಆಗ ತಿಳಿಯಿತು.

ಹಾಗಾದರೆ ಎಲ್ಲ ಕಾರುಗಳೂ ಏಕೆ ಹಾಡುವುದಿಲ್ಲ? ಇದಕ್ಕೆ ಉತ್ತರ ಹಲ್ಲಿನ ಆಕಾರದಲ್ಲಿದೆ. ಹಳೆಯ ನೀರುಗಿರಣಿಗಳ ಚಕ್ರಗಳಲ್ಲಿ ಮರದ ಗೂಟಗಳೇ ಹಲ್ಲು. ಒಂದು ಗೂಟ ಇನ್ನೊಂದನ್ನು ತಳ್ಳಿ ಬಿಡುವಾಗ ಚಕ್ರ ಒಮ್ಮೆ ಮುಗ್ಗರಿಸಿ ಒಮ್ಮೆ ಹಾರುತ್ತಿತ್ತು. ನಿಧಾನವಾಗಿ ತಿರುಗುವ ಗಿರಣಿಗೆ ಅದು ಸಾಕಾಗಿತ್ತು. ಗಡಿಯಾರಗಳೂ ಖಗೋಳ ಯಂತ್ರಗಳೂ ಬಂದಾಗ ಸಾಲದಾಯಿತು. ಬೆಳಕಿಗೂ ವೇಗವುಂಟೆಂದು ೧೬೭೬ರಲ್ಲಿ ತೋರಿಸಿಕೊಟ್ಟ ಡೆನ್ಮಾರ್ಕಿನ ಖಗೋಳಜ್ಞ ಓಲೆ ರೋಮರ್, ಹಲ್ಲುಗಳಿಗೆ ಯಾವ ಬಾಗು ಇರಬೇಕೆಂದೂ ಚಿಂತಿಸಿದ. ೧೮ನೆಯ ಶತಮಾನದ ನಡುವೆ ಮಹಾಗಣಿತಜ್ಞ ಆಯ್ಲರ್ ಇನ್ನೊಂದು ರೇಖೆಯನ್ನು ಸೂಚಿಸಿದ. ಒಂದು ಉರುಳೆಗೆ ಸುತ್ತಿದ ದಾರವನ್ನು ಬಿಗಿಯಾಗಿ ಹಿಡಿದು ಬಿಚ್ಚುತ್ತ ಹೋದರೆ ದಾರದ ತುದಿ ಎಳೆಯುವ ಗೆರೆ ಯಾವುದೋ ಅದೇ ಆ ರೇಖೆ. ಹಲ್ಲಿನ ಬದಿಯನ್ನು ಈ ಬಾಗಿನಲ್ಲಿ ಕೊರೆದರೆ, ಎರಡು ಚಕ್ರಗಳ ನಡುವಣ ದೂರ ಒಂದಿಷ್ಟು ಹೆಚ್ಚುಕಡಿಮೆಯಾದರೂ ತಿರುಗುವ ವೇಗದ ಪ್ರಮಾಣ ಕದಲುವುದಿಲ್ಲ. ಒಂದು ಹಲ್ಲು ತನ್ನ ಹೊರೆಯನ್ನು ಮುಂದಿನ ಹಲ್ಲಿಗೆ ಸದ್ದಿಲ್ಲದೆ ಒಪ್ಪಿಸುತ್ತದೆ. ಇಂದಿಗೂ ಗೇರುಗಳಲ್ಲಿ ಬಹುಪಾಲಿನ ಹಲ್ಲಿನ ಆಕಾರ ಇದೇ.

ಸದ್ದನ್ನಡಗಿಸುವ ಇನ್ನೊಂದು ಉಪಾಯ ಹೊಳೆದದ್ದು, ಚಕ್ರದಿಂದ ಸದ್ದು ಹೊರಡಿಸಿದ ಹುಕ್ ಮಹಾಶಯನಿಗೇ. ತೆಳುವಾದ ಹಲ್ಲುಚಕ್ರಗಳನ್ನು ಒಂದರ ಪಕ್ಕಕ್ಕೊಂದು, ಪ್ರತಿಯೊಂದರ ಹಲ್ಲೂ ಹಿಂದಿನದಕ್ಕಿಂತ ತುಸು ಸರಿದಿರುವಂತೆ ಜೋಡಿಸಬೇಕೆಂದ. ಹಾಗೆ ಮಾಡಿದರೆ ಹೊರೆ ಒಮ್ಮೆಲೇ ಬೀಳದೆ ಮೆಟ್ಟಿಲಿಳಿದಂತೆ ದಾಟುತ್ತದೆ. ಆ ಮೆಟ್ಟಿಲುಗಳನ್ನೆಲ್ಲ ನಯಗೊಳಿಸಿದರೆ ಉಳಿಯುವುದೇ ಓರೆ ಹಲ್ಲು. ಇಂದಿನ ಗೇರ್ ಬಾಕ್ಸುಗಳಲ್ಲಿ ಮುಂದಕ್ಕೆ ಓಡಿಸುವ ಗೇರುಗಳ ಹಲ್ಲುಗಳೆಲ್ಲ ಓರೆ; ಹಿಂದಕ್ಕೆ ಓಡಿಸುವ ರಿವರ್ಸ್ ಗೇರಿಗೆ ಮಾತ್ರ ಅನೇಕ ಕಾರುಗಳಲ್ಲಿ ನೇರ ಹಲ್ಲೇ. ಮುಂದಿನ ಸಲ ಯಾರಾದರೂ ಕಾರನ್ನು ಹಿಂದಕ್ಕೆ ತೆಗೆಯುವಾಗ ಕಿವಿಗೊಡಿ; ಓರೆ ಹಲ್ಲಿನ ಬೆಲೆ ತಿಳಿಯುತ್ತದೆ.

ಮೊದಮೊದಲ ಮೋಟಾರುಗಳಲ್ಲಿ ಹಿಂದಿನ ಗಾಲಿಗಳಿಗೆ ಬಲ ಹೋಗುತ್ತಿದ್ದುದು ಹೆಚ್ಚಾಗಿ ಚೈನುಗಳ ಮೂಲಕ. ಅವುಗಳ ಗಡಗಡ ಸದ್ದಿನ ನಡುವೆ ಸಣ್ಣ ನರಳಿಕೆಯನ್ನು ಕೇಳುವವರಾರು? ಚೈನು ಹೋಗಿ ಷಾಫ್ಟು ಬಂದಾಗ ಬಲವನ್ನು ಉದ್ದದಿಂದ ಅಡ್ಡಕ್ಕೆ ತಿರುಗಿಸುವ ಹಲ್ಲುಚಕ್ರಗಳು ಬೇಕಾದವು. ಅಂಥ ಬೆವೆಲ್ ಗೇರುಗಳನ್ನು ಕೊರೆಯುವ ಯಂತ್ರವನ್ನು ಅಮೆರಿಕದ ರಾಚೆಸ್ಟರಿನಲ್ಲಿ ವಿಲಿಯಂ ಗ್ಲೀಸನ್ ಎಂಬಾತ ೧೮೭೪ರಲ್ಲೇ ರಚಿಸಿದ್ದ. ಆತನ ಮಗಳು ಕೇಟ್ ಗ್ಲೀಸನ್ ತಂದೆಯ ಕಾರ್ಖಾನೆಯ ಯಂತ್ರಗಳನ್ನು ಊರೂರಿಗೆ ಮಾರಿ ಬಂದ ಧೀರೆ. ೧೯೧೪ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ಆಕೆಯನ್ನು ಸದಸ್ಯಳನ್ನಾಗಿ ಆರಿಸಿತು. ಮೊದಲು ನೇರವಾಗಿದ್ದ ಬೆವೆಲ್ ಹಲ್ಲುಗಳು ಆಮೇಲೆ ಬಾಗಿದವು, ಸದ್ದು ತಗ್ಗಿತು. ಇಂಗ್ಲೆಂಡಿನ ಲ್ಯಾಂಚೆಸ್ಟರ್ ಇನ್ನೊಂದು ದಾರಿ ಹಿಡಿದು ತಿರುಪುಮೊಳೆಯಂಥ ಹಲ್ಲನ್ನು ಬಳಸಿದ. ತಿರುಪಿನ ಹಲ್ಲು ನಮ್ಮ ದೇಶಕ್ಕೆ ಹೊಸತಲ್ಲ. ಹತ್ತಿಯಿಂದ ಬೀಜ ಬಿಡಿಸುವ ನಮ್ಮ ಹಳೆಯ ಮರದ ಯಂತ್ರದಲ್ಲಿ ಎರಡು ಉರುಳೆಗಳನ್ನು ಕೂಡಿಸುತ್ತಿದ್ದುದು ಅಂಥ ಹಲ್ಲೇ.

೧೯೨೬ರಲ್ಲಿ ಅಮೆರಿಕದ ಪ್ಯಾಕಾರ್ಡ್ ಕಾರುಗಳಲ್ಲಿ ಹೈಪಾಯ್ಡ್ ಗೇರು ಬಂದಿತು. ಇದರಲ್ಲಿ ಪಿನಿಯನ್ ಕ್ರೌನ್ ವೀಲಿನ ನಡುಮಧ್ಯಕ್ಕೆ ನೇರವಾಗಿರದೆ ಕೆಳಗೆ ಸರಿದಿರುತ್ತದೆ. ಷಾಫ್ಟು ತಗ್ಗುತ್ತದೆ, ಕಾರಿನ ನೆಲವೂ ತಗ್ಗುತ್ತದೆ. ಹಲ್ಲುಗಳು ಒಂದರ ಮೇಲೊಂದು ಜಾರುತ್ತ ಸೇರುವುದರಿಂದ ಸದ್ದು ಬಹಳ ಕಡಿಮೆ. ಆದರೆ ಈ ಸುಖಕ್ಕೆ ಬೆಲೆಯುಂಟು. ಜಾರುವಾಗ ಹಲ್ಲು ಹಲ್ಲನ್ನು ತಿನ್ನದಂತೆ ಗಂಧಕ ಮುಂತಾದವು ಬೆರೆತ ವಿಶೇಷ ಎಣ್ಣೆ ಬೇಕು. ಬರಿಯ ಕೀಲೆಣ್ಣೆ ಸಾಲದು. ಎರಡು ಚಕ್ರಗಳನ್ನೂ ಜೊತೆಯಾಗಿಯೇ ತಿಕ್ಕಿ ಹೊಂದಿಸಿರುವುದರಿಂದ ಒಂದನ್ನು ಮಾತ್ರ ಬದಲಾಯಿಸುವಂತಿಲ್ಲ. ಪಿನಿಯನ್ ಕೂದಲೆಳೆಯಷ್ಟು ಹಿಂದುಮುಂದಾದರೂ ಸಾಕು, ಹುಕ್ಕನ ಚಕ್ರ ಮತ್ತೆ ಹಾಡುತ್ತದೆ.

ಇಷ್ಟು ಪಾಂಡಿತ್ಯವನ್ನು ಹೊತ್ತು ನಾನು ನಾಲ್ಕನೆಯ ಬಾಗಿಲು ತಟ್ಟಿದೆ. ಕಲಾಸಿಪಾಳ್ಯದ ಕಡೆಯ ಒಂದು ಗಲ್ಲಿಯ ಮುದಿ ಮೇಸ್ತ್ರಿ. ನಾನು ಆಯ್ಲರನ ಹೆಸರು ತೆಗೆಯುವ ಮೊದಲೇ ಆತ, "ಗಾಡಿ ತೆಗೀರಿ ಸ್ವಾಮಿ" ಎಂದು ಪಕ್ಕದಲ್ಲಿ ಬಂದು ಕುಳಿತ. ತುಮಕೂರು ರಸ್ತೆಗೆ ಹೋದೆವು.

"ನ್ಯೂಟ್ರಲ್‌ಗೆ ತನ್ನಿ" ಎಂದ. ತಂದೆ. ಎಂಜಿನ್ನಿನ ಸದ್ದು ಇಳಿಯಿತು. ನರಳಿಕೆ ಮೆಲ್ಲಗಾಯಿತಾದರೂ ಅದರ ಶ್ರುತಿ ಇಳಿಯಲಿಲ್ಲ. ಹಾಗಾದರೆ ಎಂಜಿನ್ನಿನದಲ್ಲ. "ಅದೇ ಸ್ಪೀಡಿನಲ್ಲಿ ಮೂರನೇ ಗೇರು, ಆಮೇಲೆ ನಾಲ್ಕು." ಸ್ವರ ಅದೇ. ಗೇರ್ ಬಾಕ್ಸಿನದಲ್ಲ. ಎಡಕ್ಕೂ ಬಲಕ್ಕೂ ಗಾಡಿಯನ್ನು ತೂಗಿಸಿದರೂ ವ್ಯತ್ಯಾಸವಿಲ್ಲ, ಗಾಲಿಯ ಬೇರಿಂಗಲ್ಲ. ಡಾಂಬರಿನಿಂದ ಕಾಂಕ್ರೀಟಿಗೆ ಬಂದರೂ ಅದೇ, ಟೈರಲ್ಲ. ಆಕ್ಸಿಲರೇಟರ್ ಒತ್ತಿದರೆ ಮಾಯ, ಬಿಟ್ಟರೆ ಹಾಜರು. ಅದೊಂದೇ ವ್ಯತ್ಯಾಸ. ಮೂರು ಗ್ಯಾರೇಜುಗಳು ಎರಡು ತಿಂಗಳಲ್ಲಿ ಮಾಡದ ವಿಚಾರಣೆ ಇಪ್ಪತ್ತು ನಿಮಿಷದಲ್ಲಿ, ಒಂದು ತಿರುಪನ್ನೂ ಬಿಚ್ಚದೆ ಮುಗಿಯಿತು.

ಹಿಂದಿರುಗುವಾಗ ಆತ ಕೇಳಿದ: "ಸದ್ದು ಶುರುವಾಗೋಕೆ ಮುಂಚೆ ಹಿಂದುಗಡೆ ಏನಾದರೂ ಕೆಲಸ ಮಾಡಿಸಿದ್ರಾ?"

ನನಗೆ ತಟ್ಟನೆ ನೆನಪಾಯಿತು. ಮೈಸೂರಿನ ಪ್ರಯಾಣಕ್ಕೆ ಎರಡು ವಾರ ಮುಂಚೆ ಅಲ್ಲಿ ಎಣ್ಣೆ ತೊಟ್ಟಿಕ್ಕುತ್ತಿತ್ತು. ಮನೆಯ ಹತ್ತಿರದ ಒಂದು ಕಡೆ ಸೀಲು ಹಾಕಿಸಿದ್ದೆ. ನಾನೂ ಹೇಳಿರಲಿಲ್ಲ, ಇಷ್ಟು ದಿನ ಯಾರೂ ಕೇಳಿರಲಿಲ್ಲ.

ಸೀಲು ಹಾಕಬೇಕಾದರೆ ಪಿನಿಯನ್ನಿನ ಮುಂದಣ ನಟ್ಟನ್ನು ಬಿಚ್ಚಬೇಕು. ತಿರುಗಿ ಹಾಕುವಾಗ ಅದು ಇಷ್ಟೇ ಬಿಗಿಯಿರಬೇಕೆಂಬ ಅಳತೆಯಿದೆ. ಬೇರಿಂಗುಗಳ ಮೇಲಿನ ಒತ್ತಡ ಅದನ್ನೇ ಅವಲಂಬಿಸಿದೆ. ನನ್ನ ಗಾಡಿಯಲ್ಲಿ ಅದು ತೋಳಿನ ಅಂದಾಜಿನಲ್ಲಿ ಕುಳಿತಿತ್ತು, ಸಡಿಲವಾಗಿ. ಕಾಲು ಬಿಟ್ಟಾಗ ಎಂಜಿನ್ ಗಾಲಿಯನ್ನು ಎಳೆಯುವ ಬದಲು ಗಾಲಿಯೇ ಎಂಜಿನ್ನನ್ನು ಎಳೆಯುತ್ತದೆ; ಹೊರೆ ಹಲ್ಲಿನ ಇನ್ನೊಂದು ಮೈಗೆ ಬೀಳುತ್ತದೆ; ಪಿನಿಯನ್ ತನ್ನ ಜಾಗದಿಂದ ಕದಲುತ್ತಿತ್ತು. ಮೇಸ್ತ್ರಿ ಹಲ್ಲುಗಳಿಗೆ ಬಣ್ಣ ಬಳಿದು ತಿರುಗಿಸಿ, ಬಣ್ಣ ಒರೆಸಿಹೋದ ಗುರುತು ಹಲ್ಲಿನ ಎಲ್ಲಿ ಬಿದ್ದಿದೆಯೆಂದು ತೋರಿಸಿದ. ಬಿಗಿಯನ್ನು ಅಳೆದು ಸರಿಪಡಿಸಿದ ಮೇಲೆ ಮತ್ತೆ ಬಳಿದ. ಗುರುತು ಅಂಚನ್ನು ಬಿಟ್ಟು ನಡುವಿಗೆ ಬಂದಿತ್ತು. ಮೂರನೆಯವರ ಮಾತು ಕೇಳಿ ಹೊಸ ಸೆಟ್ಟು ಹಾಕಿಸಿ, ನಟ್ಟನ್ನು ಮತ್ತೆ ಅಂದಾಜಿನಲ್ಲೇ ಬಿಗಿಸಿದ್ದರೆ, ಹೊಸ ಹಲ್ಲುಗಳೂ ಅದೇ ಗೋಳು ಹಾಡುತ್ತಿದ್ದವು.

ಗಾಡಿ ಗುಜರಿಗೆ ಹೋಗಲಿಲ್ಲ. ನಿಜ ಹೇಳಬೇಕೆಂದರೆ ಸದ್ದು ಪೂರ್ತಿ ಅಡಗಿಯೂ ಇಲ್ಲ. ಎರಡು ತಿಂಗಳು ತಪ್ಪಾಗಿ ತಿಕ್ಕಾಡಿದ ಹಲ್ಲುಗಳು ಅದನ್ನು ಒಂದಿಷ್ಟು ನೆನಪಿಟ್ಟುಕೊಂಡಿವೆ. ಕಿಟಕಿ ಮುಚ್ಚಿ, ಮಾತು ನಿಲ್ಲಿಸಿ ಆಲಿಸಿದರೆ ಕೇಳುತ್ತದೆ. ಮೊದಲೇ ಕೇಳಿಸಿಕೊಂಡಿದ್ದರೆ ಅದೂ ಉಳಿಯುತ್ತಿರಲಿಲ್ಲವೇನೋ.

ಮೊನ್ನೆ ಮಗನ ಒತ್ತಾಯಕ್ಕೆ ಅವನ ಸ್ನೇಹಿತನ ಎಲೆಕ್ಟ್ರಿಕ್ ಕಾರಿನಲ್ಲಿ ಕುಳಿತೆ. ಎಂಜಿನ್ನಿನ ಗದ್ದಲವಿಲ್ಲ, ಆದರೆ ಅದರಲ್ಲೂ ಮೋಟಾರಿಗೂ ಗಾಲಿಗೂ ನಡುವೆ ಹಲ್ಲುಚಕ್ರಗಳುಂಟು. ಹಿಂದೆ ಎಂಜಿನ್ನಿನ ಮರೆಯಲ್ಲಿ ಅಡಗಿದ್ದ ಹಲ್ಲಿನ ಸ್ವರಕ್ಕೆ ಈಗ ಮರೆಯೇ ಇಲ್ಲದಿರುವುದರಿಂದ ಎಂಜಿನಿಯರುಗಳು ಹಲ್ಲಿನ ಬಾಗನ್ನು ಇನ್ನಷ್ಟು ತಿದ್ದುತ್ತಿದ್ದಾರೆ. ಮಗ ಕಾಲು ಸಡಿಲಿಸಿದ. ನಾನು ಕಿವಿಗೊಟ್ಟೆ. ಸಣ್ಣಗೆ, ಬಹಳ ಸಣ್ಣಗೆ, ಇತ್ತು.

"ಏನೂ ಸದ್ದಿಲ್ಲ, ಅಲ್ವಾ ಅಪ್ಪ?" ಎಂದ ಮಗ.

"ಇಲ್ಲಪ್ಪ" ಎಂದೆ.